ಅಡಿಗೆಯ ಪೂರ್ವಾಪರ

ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ, ಇಬ್ಬನಿ ದಟ್ಟವಾಗಿ ಸುರಿಯುವ ಈ ವಾರದಲ್ಲಿ ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯದ ಸೀಮೆಗಳಲ್ಲಿ ಯಾವ ಮನೆಯ ಅಡಿಗೆಯ ಕೋಣೆಯನ್ನು ಹೊಕ್ಕರೂ ಒಲೆಯ ಮೇಲೆ ಬೇಯುತ್ತಿರುವುದು ಬಹುಮಟ್ಟಿಗೆ ಒಂದೇ ಬಗೆಯ ಪದಾರ್ಥಗಳು: ಒಂದು ದಿನ ಅವರೆಕಾಳಿನ ಸಾರು, ರಾಗಿಮುದ್ದೆ, ಮರುದಿನ ದಂಟಿನ ಸೊಪ್ಪಿನ ಬಸ್ಸಾರು, ಇನ್ನೊಂದು ದಿನ ಅನ್ನ, ತೊಗರಿಬೇಳೆಯ ಹುಳಿ, ರಜೆಯ ದಿನ ಬೆಳಿಗ್ಗೆ ಇಡ್ಲಿ, ಎಲ್ಲ ದಿನಗಳ ಊಟದ ಕೊನೆಗೂ ಮೊಸರು ಅಥವಾ ಮಜ್ಜಿಗೆ. ಇವುಗಳಲ್ಲಿ ಹಬ್ಬದ ಅಡಿಗೆಯೆನ್ನತಕ್ಕದ್ದು ಒಂದೂ ಇಲ್ಲ. ಆದರೂ ಪದಾರ್ಥಗಳ ಸ್ವಭಾವವನ್ನು ಅರಿಯಬಯಸುವ ಜಿಜ್ಞಾಸುವಿಗೆ ಈ ನಿತ್ಯದ ಅಡಿಗೆಯಷ್ಟು ವಿಪುಲವಾದ ಪ್ರಯೋಗಶಾಲೆ ಬೇರೊಂದು ದೊರೆಯುವುದು ಕಷ್ಟವೆಂದು ನನ್ನ ದೃಢವಾದ ನಂಬಿಕೆ.

ಪಾಕಶಾಸ್ತ್ರದ ಪುಸ್ತಕಗಳು ಸಾಮಾನ್ಯವಾಗಿ ಪ್ರಮಾಣವನ್ನು ಹೇಳುತ್ತವೆ. ಬೇಳೆ ಇಷ್ಟು, ಹುಣಿಸೆಹಣ್ಣು ಇಷ್ಟು, ಉಪ್ಪು ರುಚಿಗೆ ತಕ್ಕಷ್ಟು ಎಂದು ಪಟ್ಟಿ ಕೊಡುತ್ತವೆ. ಪ್ರಮಾಣವು ಕೊಂಚ ಹೆಚ್ಚುಕಡಿಮೆಯಾದರೆ ಅಡಿಗೆ ಸಪ್ಪೆಯಾದೀತು, ಖಾರವಾದೀತು, ಆದರೂ ಉಣ್ಣಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಅನುಕ್ರಮವು ತಪ್ಪಿತೆಂದರೆ ಅದೇ ಬೇಳೆ, ಅದೇ ಹುಣಿಸೆ, ಅದೇ ನೀರು ಸೇರಿಯೂ ಅಡಿಗೆಯೇ ಆಗದೆ ಹೋಗುವುದುಂಟು. ನಮ್ಮ ಅಜ್ಜಿಯರು ಸೊಸೆಯಂದಿರಿಗೆ ಕಲಿಸಿಕೊಟ್ಟ ವಿದ್ಯೆಯಲ್ಲಿ ಅಳತೆಯ ಭಾಗ ಅತ್ಯಲ್ಪ. ಕೈಯಂದಾಜೇ ಅದಕ್ಕೆ ಸಾಕಾಗುತ್ತಿತ್ತು. ಅವರು ಬಿಟ್ಟೂಬಿಡದೆ ಹೇಳಿಕೊಡುತ್ತಿದ್ದುದು ಪೂರ್ವಾಪರವನ್ನು. ಅದರ ಹಿಂದಿರುವ ಕಾರಣಗಳನ್ನು ರಸಾಯನಶಾಸ್ತ್ರವು ಒಂದೊಂದಾಗಿ ಬಿಡಿಸಿ ಹೇಳಲು ಸಮರ್ಥವಾದದ್ದು ಇತ್ತೀಚಿನ ನೂರಿಪ್ಪತ್ತು ನೂರಮೂವತ್ತು ವರ್ಷಗಳಲ್ಲಿ.

ಮೊದಲು ಹುಳಿಯನ್ನೇ ನೋಡೋಣ. ತೊಗರಿಬೇಳೆಯು ಚೆನ್ನಾಗಿ ಬೆಂದು ಕರಗಿದ ಮೇಲೆಯೇ ಅದಕ್ಕೆ ಹುಣಿಸೆಯ ರಸವನ್ನು ಹಿಂಡಬೇಕೆಂಬುದು ಕರ್ಣಾಟಕದ ಎಲ್ಲ ಮನೆಗಳಲ್ಲಿಯೂ ಪಾಲಿಸಲ್ಪಡುವ ನಿಯಮ. ಅವಸರದಲ್ಲಿ ಯಾರಾದರೂ ಬೇಳೆಯ ಜೊತೆಗೇ ಹುಣಿಸೆಯನ್ನೂ ಹಾಕಿ ಒಲೆಯ ಮೇಲೆ ಇಟ್ಟರೆಂದರೆ, ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಳೆಯಾಗಿಯೇ ನಿಂತು ನೀರು ಬೇರೆ ಬೇಳೆ ಬೇರೆಯಾಗಿರುತ್ತದೆ. ಇದಕ್ಕೆ ಕಾರಣವು ಬೇಳೆಯ ಸೂಕ್ಷ್ಮರಚನೆಯಲ್ಲಿದೆ. ಬೇಳೆಯು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಲ್ಪಟ್ಟದ್ದು. ಇಟ್ಟಿಗೆಗಳ ನಡುವೆ ಗಾರೆಯಿರುವಂತೆ ಈ ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟುವಸ್ತುವೊಂದಿದ್ದು ಅವುಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ನಾವು 'ಬೇಳೆ ಬೆಂದಿತು' ಎನ್ನುವುದು ಈ ಪೆಕ್ಟಿನ್ ಕುದಿನೀರಿನಲ್ಲಿ ತುಂಡುತುಂಡಾಗಿ ಕರಗಿ, ಕೋಶಗಳು ಒಂದರಿಂದೊಂದು ಬಿಡಿಸಿಕೊಂಡಾಗ. ನೀರು ಆಮ್ಲವಲ್ಲದೆ ಸಮಸ್ಥಿತಿಯಲ್ಲಿದ್ದರೆ ಪೆಕ್ಟಿನ್ನಿನ ದೀರ್ಘ ಸರಪಳಿಗಳು ಸುಲಭವಾಗಿ ತುಂಡಾಗುತ್ತವೆ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಸೇರಿ ನೀರು ಹುಳಿಯಾದೊಡನೆ ಆ ಕ್ರಿಯೆಯ ವೇಗ ಕುಂದುತ್ತದೆ, ಸರಪಳಿಗಳು ಭದ್ರವಾಗಿಯೇ ಉಳಿಯುತ್ತವೆ. ಹುಣಿಸೆಯದು ಒಂದು ವಿಶೇಷ: ಮಾವು ಮೊದಲಾದ ಹಣ್ಣುಗಳು ಮಾಗುತ್ತ ಬಂದಂತೆ ಅವುಗಳ ಹುಳಿ ಇಳಿಯುತ್ತದೆ, ಹುಣಿಸೆಯು ಮಾಗಿ ಸಿಹಿಯನ್ನು ಕೂಡಿಸಿಕೊಂಡರೂ ತನ್ನ ಆಮ್ಲವನ್ನು ಬಿಟ್ಟುಕೊಡುವುದಿಲ್ಲ. ಆದುದರಿಂದಲೇ ವರ್ಷವೆಲ್ಲ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟ ಹಳೆಯ ಹುಣಿಸೆಯೂ ಬೇಳೆಯ ವಿಷಯದಲ್ಲಿ ಇಷ್ಟು ಪ್ರಬಲವಾಗಿರುವುದು.

ಇದೇ ನಿಯಮವನ್ನು ತಿರುಗಿಸಿ ಬಳಸುವ ಜಾಣತನವೂ ನಮ್ಮ ಅಡಿಗೆಯಲ್ಲಿ ಉಂಟು. ಬೆಂಡೆಕಾಯಿ, ಸುವರ್ಣಗೆಡ್ಡೆ, ಬದನೆ ಇವು ಕರಗಿಹೋಗದೆ ಹೋಳಾಗಿಯೇ ಉಳಿಯಬೇಕಾದರೆ ಅವನ್ನು ಸ್ವಲ್ಪ ಹುಣಿಸೆಯ ನೀರಿನಲ್ಲಿಯೇ ಬೇಯಿಸುವರು. ಬೇಳೆಗೆ ಶತ್ರುವಾದ ಹುಳಿಯು ಹೋಳುಗಳಿಗೆ ರಕ್ಷಕವಾಗಿ ಪರಿಣಮಿಸುವುದು ಹೀಗೆ.

ಬೇಳೆ ಬೇಯದಿರುವುದಕ್ಕೆ ಹುಳಿಯೊಂದೇ ಕಾರಣವಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಸುಣ್ಣದ ಅಂಶ ಅಧಿಕ. ಅದರಲ್ಲಿರುವ ಕ್ಯಾಲ್ಸಿಯಮ್ ಪೆಕ್ಟಿನ್ನಿನ ಸರಪಳಿಗಳ ನಡುವೆ ಕೊಂಡಿಯಾಗಿ ನಿಂತು ಗಾರೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಬಿಸಿಲಿನ, ತೇವದ ಜಾಗದಲ್ಲಿ ಬಹುಕಾಲ ಕೂಡಿಟ್ಟ ಕಾಳು ಎಷ್ಟು ನೆನೆಸಿದರೂ ಬೇಯದಿರುವುದಕ್ಕೂ ಬಹುಮಟ್ಟಿಗೆ ಇದೇ ತೆರನಾದ ಕಾರಣ. ಕಾಳಿನೊಳಗೆ ಬಂಧಿತವಾಗಿದ್ದ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಲವಣಗಳು ಕಾಲಕ್ರಮದಲ್ಲಿ ಬಿಡುಗಡೆ ಹೊಂದಿ ಪೆಕ್ಟಿನ್ನಿಗೆ ಅಂಟಿಕೊಳ್ಳುತ್ತವೆ. ಚಿಟಿಕೆ ಅಡಿಗೆ ಸೋಡ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ, ಆದರೆ ಕ್ಷಾರದ ಸ್ಪರ್ಶದಿಂದ ಬೇಳೆಯಲ್ಲಿರುವ 'ಬಿ1' ಅನ್ನಾಂಗವು ನಾಶವಾಗುತ್ತದೆ. ಆ ಲಾಭಕ್ಕೆ ಈ ನಷ್ಟ ದುಬಾರಿಯೆಂದೇ ಹೇಳಬೇಕು. ಎತ್ತರವೂ ಒಂದು ಅಡ್ಡಿ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಕುದಿಯುವ ನೀರಿಗೆ ಎಷ್ಟು ಉರಿ ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಈ ಕಟ್ಟನ್ನು ಮುರಿದವನು 1679ರಲ್ಲಿ ಭದ್ರವಾದ ಮುಚ್ಚಳದ ಕಬ್ಬಿಣದ ಪಾತ್ರೆಯೊಂದನ್ನು ನಿರ್ಮಿಸಿ, ಉಗಿಯ ಒತ್ತಡದಲ್ಲಿ ಗಟ್ಟಿ ಮೂಳೆಗಳನ್ನೂ ಮೆತ್ತಗೆ ಮಾಡಿ ತೋರಿಸಿದ ಫ್ರಾನ್ಸ್ ದೇಶದ ದೆನಿ ಪಾಪಿನ್. ಇಂದಿನ ಕುಕ್ಕರಿನಲ್ಲಿ ನೀರಿನ ಉಷ್ಣತೆ 120 ಡಿಗ್ರಿಯವರೆಗೆ ಏರುತ್ತದೆ. ಬೇಯುವ ಕ್ರಿಯೆ ಹಲವು ಪಾಲು ತ್ವರಿತವಾಗುತ್ತದೆ. ಆದರೆ ಕುಕ್ಕರು ಬಂದ ಮೇಲೆಯೂ ಗೃಹಿಣಿಯು ಸೀಟಿ ಇಳಿದು ಮುಚ್ಚಳ ತೆರೆದ ತರುವಾಯವೇ ಹುಣಿಸೆಯನ್ನು ಹಿಂಡುತ್ತಾಳೆ. ಯಂತ್ರವು ಹೊತ್ತನ್ನು ಮೊಟಕುಮಾಡಿತು, ಅನುಕ್ರಮವನ್ನು ಅಲುಗಿಸಲಿಲ್ಲ.

ಇನ್ನು ಮುದ್ದೆ. ಹಳೆಯ ಮೈಸೂರು ಸೀಮೆಯ ಈ ಪ್ರಧಾನ ಆಹಾರದಲ್ಲಿ ಇರುವುದು ಎರಡೇ ವಸ್ತುಗಳು, ರಾಗಿಯ ಹಿಟ್ಟು ಮತ್ತು ನೀರು. ಹೆಚ್ಚೆಂದರೆ ಒಂದು ಹಿಡಿ ನುಚ್ಚು. ಎರಡೇ ವಸ್ತುಗಳಿರುವಲ್ಲಿ ಎಲ್ಲ ಕೌಶಲವೂ ಕ್ರಮದಲ್ಲಿಯೇ ಅಡಗಿರಬೇಕಷ್ಟೆ. ಗೋಧಿಯ ಹಿಟ್ಟಿಗೆ ತಣ್ಣೀರು ಸೇರಿಸಿ ನಾದಿದರೆ ಅದರಲ್ಲಿರುವ ಗ್ಲೂಟೆನ್ ಎಂಬ ಪ್ರೊಟೀನು ಜಾಲದಂತೆ ಹರಡಿ ಹಿಟ್ಟನ್ನು ಹಿಡಿದುಕೊಳ್ಳುವುದರಿಂದ ಚಪಾತಿಯನ್ನು ಲಟ್ಟಿಸಬಹುದು. ರಾಗಿಯಲ್ಲಿ ಗ್ಲೂಟೆನ್ ಇಲ್ಲ. ಅದನ್ನು ಒಂದುಗೂಡಿಸಬಲ್ಲದ್ದು ಬಿಸಿಯಿಂದ ಹದಗೊಂಡ ಪಿಷ್ಟ ಮಾತ್ರ. ಪಿಷ್ಟದ ಕಣಗಳು ತಣ್ಣೀರಿನಲ್ಲಿ ನಿಶ್ಚಲವಾಗಿರುವುವು. ನೀರು ಸುಮಾರು 65ರಿಂದ 70 ಡಿಗ್ರಿಗೆ ಏರಿದಾಗ ಅವು ನೀರನ್ನು ಹೀರಿ ಊದಿಕೊಂಡು, ತಮ್ಮೊಳಗಿನ ಅಂಟಾದ ಅಂಶವನ್ನು ಹೊರಬಿಡುತ್ತವೆ. ಕುದಿಯುವ ಎಸರಿಗೆ ಹಿಟ್ಟನ್ನು ಸುರಿದು ಕೂಡಲೇ ತಿರುವಿದರೆ ಪ್ರತಿಯೊಂದು ಉಂಡೆಯ ಹೊರಪದರದ ಪಿಷ್ಟ ಮಾತ್ರ ಊದಿ ಅಂಟಾಗಿ, ನೀರು ಒಳಕ್ಕೆ ಇಳಿಯದಂತೆ ತಡೆಯೊಡ್ಡುವುದರಿಂದ ಒಳಗೆ ಒಣಹಿಟ್ಟೇ ಉಳಿದ ಗಂಟುಗಳಾಗುತ್ತವೆ.

ಈ ಕಂಟಕವನ್ನು ನಿವಾರಿಸುವುದಕ್ಕೆ ಹಳ್ಳಿಯ ಹೆಣ್ಣುಮಕ್ಕಳು ಕಂಡುಕೊಂಡಿರುವ ವಿಧಾನವನ್ನು ಗಮನಿಸಿದರೆ ಯಾರಿಗಾದರೂ ಗೌರವ ಮೂಡದಿರದು. ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಎಸರಿಗೆ ಬೆರೆಸುವರು. ತಣ್ಣೀರಿನಲ್ಲಿ ಕಣಕಣವೂ ಬಿಡಿಯಾಗಿ ನೆನೆದಿರುವುದರಿಂದ ಅದು ಗಂಟಾಗದೆ ತೆಳ್ಳನೆಯ ಗಂಜಿಯಾಗುತ್ತದೆ. ಎಸರು ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಕೋಲಿನಿಂದ ಮಧ್ಯದಲ್ಲಿ ಒಂದು ರಂಧ್ರ ಮಾಡಿ ಬಿಡುವರು. ಕುದಿಯು ಆ ರಂಧ್ರದಿಂದಲೂ ಅಂಚುಗಳಿಂದಲೂ ಮೇಲೆದ್ದು ಹಿಟ್ಟಿನ ರಾಶಿಯನ್ನು ಆವಿಯಲ್ಲಿ ಮೆಲ್ಲಗೆ ನೆನೆಸುತ್ತದೆ. ರಾಶಿಯೊಳಕ್ಕೆ ಉಷ್ಣವೂ ತೇವವೂ ಹೊಕ್ಕಿವೆಯೆಂದು ವಾಸನೆಯಿಂದಲೇ ತಿಳಿದ ಮೇಲೆ ಪಾತ್ರೆಯನ್ನು ಇಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಬಲವನ್ನೆಲ್ಲ ಹಾಕಿ ತಿರುವುವರು. ನೆನೆಯುವುದು ಮೊದಲು, ಬೇಯುವುದು ಆನಂತರ, ತಿರುವುವುದು ಕಟ್ಟಕಡೆಗೆ. ಈ ಮೂರರಲ್ಲಿ ಯಾವುದನ್ನು ಹಿಂದುಮುಂದು ಮಾಡಿದರೂ ಮುದ್ದೆ ಕೆಡುತ್ತದೆ. ಕಟ್ಟಿದ ಮುದ್ದೆಯನ್ನು ಬಿಸಿಯಾಗಿರುವಾಗಲೇ ಉಣ್ಣಬೇಕೆಂಬುದಕ್ಕೂ ಕಾರಣವುಂಟು: ಆರಿದಂತೆಲ್ಲ ಪಿಷ್ಟದ ಸರಪಳಿಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಂಡು ನೀರನ್ನು ಹೊರದಬ್ಬುವುದರಿಂದ ಮುದ್ದೆ ಬಿರುಸಾಗುತ್ತದೆ.

ರಾಗಿಯ ಕಾಳು ಸಾಸಿವೆಯಷ್ಟು ಚಿಕ್ಕದು. ಅದರ ಮೇಲ್ಸಿಪ್ಪೆಯು ಒಳಗಿನ ಮೃದುವಾದ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಕ್ಕಿಯಂತೆ ಪಾಲಿಶ್ ಮಾಡಲು ಒದಗದೆ, ಸಿಪ್ಪೆಸಹಿತವಾಗಿಯೇ ಬೀಸಲ್ಪಡುತ್ತದೆ. ಸಿರಿವಂತರು ಬಹುಕಾಲ ಬಡವರ ಧಾನ್ಯವೆಂದು ಅಲಕ್ಷಿಸಿದ ರಾಗಿಗೆ ಈ ಮೊಂಡುತನವೇ ವರವಾಯಿತು. ನೂರು ಗ್ರಾಮ್ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾದ ಕ್ಯಾಲ್ಸಿಯಮ್ ಇರುವುದು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮ್ ಕೂಡ ಕಷ್ಟ. ಸಿಪ್ಪೆಯಲ್ಲಿರುವ ಫೈಟಿಕ್ ಆಮ್ಲ, ಟ್ಯಾನಿನ್‌ಗಳು ಇದರಲ್ಲಿ ಒಂದು ಪಾಲನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವುದೂ ಸತ್ಯವೇ. ಮೊಳಕೆ ಕಟ್ಟಿ, ಹುರಿದು, ಆಮೇಲೆ ಬೀಸಿದ ರಾಗಿಯಲ್ಲಿ ಆ ಅಡ್ಡಿ ಬಹಳಷ್ಟು ಕಡಿಮೆಯಾಗುತ್ತದೆ. ಎಳೆಯ ಮಕ್ಕಳಿಗೆ ಮೊಳಕೆ ರಾಗಿಯ ಸರಿಯನ್ನು ಉಣಿಸುವ ನಮ್ಮ ತಾಯಂದಿರು ಇಲ್ಲಿಯೂ ಕ್ರಮವನ್ನು ಅರಿತವರೇ.

ಮುದ್ದೆಯ ಜೊತೆಗೆ ಈ ವಾರ ಅವರೆಯ ಸಾರು. ಅವರೆಯು ಹಗಲು ಕಿರಿದಾಗುತ್ತ ಬಂದದ್ದನ್ನು ಅರಿತು ಹೂಬಿಡುವ ಬಳ್ಳಿ. ಆದುದರಿಂದಲೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಫಲ ಕೊಡುವ 'ಹೆಬ್ಬಾಳ ಅವರೆ' ತಳಿಗಳನ್ನು ಬೆಳಸುವವರೆಗೂ ಅವರೆಯೆಂದರೆ ಚಳಿಗಾಲವೇ ಆಗಿತ್ತು. ವರ್ಷವೆಲ್ಲ ಕಾಳು ದೊರೆಯುವುದು ರೈತನಿಗೆ ಉಪಕಾರವೆಂಬುದನ್ನು ಒಪ್ಪುತ್ತೇನೆ. ಆದರೂ ಮಾಗಡಿಯ ಕಡೆಯಿಂದ ಬರುವ ನಾಟಿ ಅವರೆಕಾಯಿಯ ಸೊಗಡಿಗೆ ಸಮನಾದುದನ್ನು ನಾನು ಇನ್ನೂ ಮೂಸಿಲ್ಲ. ಕಾಯಿ ಸುಲಿಯುವವರ ಕೈಬೆರಳಿಗೆ ಮೆತ್ತಿಕೊಳ್ಳುವ ಜಿಗುಟಾದ ಎಣ್ಣೆಯಂತಹ ಸೊನೆಯಲ್ಲಿರುವ ಕೆಲವು ಮೇದಾಮ್ಲಗಳೇ ಈ ಸೊಗಡಿಗೆ ಮೂಲ. ಧಾನ್ಯಗಳ ಪ್ರೊಟೀನಿನಲ್ಲಿ ಲೈಸೀನ್ ಎಂಬ ಅವಶ್ಯಕ ಅಂಶ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಾದ ಮೆಥಿಯೊನೀನ್ ರಾಗಿಯಲ್ಲಿ ಸಾಕಷ್ಟುಂಟು. ಮುದ್ದೆಯನ್ನು ಮುರಿದು ಅವರೆಯ ಸಾರಿನಲ್ಲಿ ಅದ್ದಿ ನುಂಗುವ ರೈತನ ದೇಹಕ್ಕೆ ಒಂದೇ ತುತ್ತಿನಲ್ಲಿ ಎರಡರ ಕೊರತೆಯೂ ನೀಗುತ್ತದೆ. ಹಸಿ ಅವರೆಯಲ್ಲಿ ಪ್ರೊಟೀನಿನ ಜೀರ್ಣಕ್ಕೆ ಅಡ್ಡಬರುವ ವಸ್ತುಗಳಿರುವುದರಿಂದ ಅದು ಚೆನ್ನಾಗಿ ಬೇಯಲೇಬೇಕು.

ಬಸ್ಸಾರನ್ನು ಕುರಿತು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅದರ ಹಿಂದೆ ಆಹಾರವಿಜ್ಞಾನದ ಒಂದು ಮಹತ್ತರ ಅಧ್ಯಾಯವೇ ಅಡಗಿದೆ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದು, ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಸಾರನ್ನೂ, ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯವನ್ನೂ ಮಾಡುವ ಈ ಪದ್ಧತಿಯಲ್ಲಿ ನೀರಿನಲ್ಲಿ ಕರಗುವ 'ಬಿ' ಗುಂಪಿನ ಅನ್ನಾಂಗಗಳೂ ಲವಣಗಳೂ ವ್ಯರ್ಥವಾಗದೆ ಊಟದ ಎಲೆಗೇ ಬಂದು ಸೇರುತ್ತವೆ. ಇಂತಹ ಅಂಶಗಳು ಆಹಾರದಿಂದ ಕಳೆದುಹೋದರೆ ಏನಾಗಬಲ್ಲದೆಂಬುದನ್ನು ಲೋಕವು ಅಕ್ಕಿಯಿಂದ ಕಲಿತುಕೊಂಡಿತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ತಿಯಾನ್ ಐಕ್‌ಮನ್ ಎಂಬುವನು, ಕಾಲುಗಳ ಶಕ್ತಿಯನ್ನುಡುಗಿಸಿ ಪ್ರಾಣಕ್ಕೆ ಎರವಾಗುತ್ತಿದ್ದ ಬೆರಿಬೆರಿ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಹುಡುಕುತ್ತಿದ್ದಾಗ, ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ತಿಂದ ಕೋಳಿಗಳು ಅದೇ ಬಗೆಯ ರೋಗಕ್ಕೆ ತುತ್ತಾಗಿ, ತೌಡಿನ ಸಹಿತವಾದ ಅಕ್ಕಿಗೆ ಮರಳಿದೊಡನೆ ಚೇತರಿಸಿಕೊಂಡುದನ್ನು ಕಂಡನು. ರೋಗವನ್ನು ತರುವುದು ಹೊರಗಿನಿಂದ ಬಂದ ಜೀವಿಯೊಂದೇ ಆಗಬೇಕಿಲ್ಲ, ಆಹಾರದಲ್ಲಿ ಇಲ್ಲದ ವಸ್ತುವಿನ ಅಭಾವವೂ ರೋಗವಾಗಬಲ್ಲದು ಎಂಬ ಕ್ರಾಂತಿಕಾರಕ ಭಾವನೆ ಅಲ್ಲಿಂದ ಬೆಳೆಯಿತು; 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ಸಂದಿತು. ನಮ್ಮ ದೇಶದಲ್ಲಿ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಬೆರಿಬೆರಿ ಸಂಶೋಧನೆಯೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆಯಿತು.

ಇಲ್ಲಿಯೂ ಪೂರ್ವಾಪರದ ಪ್ರಶ್ನೆಯೇ ಮುಖ್ಯ. ಬತ್ತವನ್ನು ಮೊದಲು ಕುಟ್ಟಿ ಆಮೇಲೆ ಬೇಯಿಸಿದರೆ ಬೆಳ್ತಿಗೆ ಅಕ್ಕಿಯ ಅನ್ನ. ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದರೆ ದಕ್ಷಿಣ ಕನ್ನಡ, ಉಡುಪಿಯವರ ಕುಚ್ಚಲಕ್ಕಿ. ಹೊಟ್ಟಿನೊಳಗೇ ಬತ್ತವು ಬೆಂದಾಗ ಹೊರಪದರದಲ್ಲಿದ್ದ 'ಬಿ1' ಅನ್ನಾಂಗವು ನೀರಿನೊಡನೆ ಒಳಕ್ಕೆ ಇಳಿದು ತಿರುಳಿನಲ್ಲಿ ನೆಲೆಸುವುದರಿಂದ, ಆಮೇಲೆ ಗಿರಣಿಯು ತೌಡನ್ನು ಕಿತ್ತುಕೊಂಡರೂ ಅನ್ನಾಂಗದ ಬಹುಪಾಲು ಅಕ್ಕಿಯಲ್ಲಿಯೇ ಉಳಿಯುತ್ತದೆ. ಇದೇ ಕ್ರಮವನ್ನು 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ರಾಗಿಗೂ ಅನ್ವಯಿಸಿದರು: ರಾಗಿಯನ್ನು ಮೊದಲು ನೆನೆಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿದರೆ ಅದರ ಮೃದುವಾದ ತಿರುಳು ಗಟ್ಟಿಗೊಂಡು, ಅಕ್ಕಿಯಂತೆಯೇ ಅದರ ಸಿಪ್ಪೆಯನ್ನೂ ಬಿಡಿಸಲು ಸಾಧ್ಯವಾಯಿತು.

ಒಗ್ಗರಣೆಯು ಕೆಲವೇ ಕ್ಷಣಗಳ ಕೆಲಸ, ಆದರೆ ಅಲ್ಲಿ ಕ್ರಮದ ಆಳ್ವಿಕೆ ಅತ್ಯಂತ ಕಟ್ಟುನಿಟ್ಟು. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಉದ್ದಿನಬೇಳೆ, ಬೇಳೆ ಕೆಂಪಗಾದ ಮೇಲೆ ಒಣಮೆಣಸಿನಕಾಯಿ, ಕರಿಬೇವು, ಕೊನೆಗೆ ಇಂಗು. ಸಾಸಿವೆಯ ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಸಿಡಿಸುವುದು ಎಣ್ಣೆಯು ನೀರಿನ ಕುದಿಗಿಂತ ಬಹಳ ಮೇಲಿನ ಉಷ್ಣತೆಗೆ ಏರಿತೆಂಬುದರ ಸೂಚನೆ. ಉಷ್ಣಮಾಪಕವಿಲ್ಲದ ಅಡಿಗೆಯ ಮನೆಯಲ್ಲಿ ಸಾಸಿವೆಯೇ ಆ ಕೆಲಸವನ್ನು ನಿರ್ವಹಿಸುತ್ತದೆ. ಮೆಣಸಿನಕಾಯಿಯನ್ನು ಮೊದಲೇ ಹಾಕಿದರೆ ಅದು ಕಪ್ಪಾಗಿ ಘಾಟು ಮಾತ್ರ ಉಳಿಯುತ್ತದೆ. ಇಂಗಿನಲ್ಲಿರುವ ಗಂಧಕಯುಕ್ತ ಸುವಾಸನೆಯ ವಸ್ತುಗಳು ಎಣ್ಣೆಯಲ್ಲಿ ಸುಲಭವಾಗಿ ಕರಗುವುವು, ಆದರೆ ಬಿಸಿಯಲ್ಲಿ ಅಷ್ಟೇ ಸುಲಭವಾಗಿ ಹಾರಿಹೋಗುವುವು. ನೂರಾರು ವರ್ಷಗಳಿಂದ ಅಫ್ಘಾನಿಸ್ಥಾನ, ಇರಾನ್ ದೇಶಗಳಿಂದಲೇ ಬರುತ್ತಿದ್ದ ಈ ಇಂಗಿನ ಸಸಿಗಳನ್ನು ನಮ್ಮ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಷ್ಟೆ.

ಸಾಸಿವೆಯನ್ನು ಕುರಿತು ಮತ್ತೊಂದು ಮಾತು. ಸಾಸಿವೆಯ ಖಾರವು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಅದರ ಮೂಲದ್ರವ್ಯವೂ ಅದನ್ನು ಖಾರವಾಗಿಸುವ ಕಿಣ್ವವೂ ಬೇರೆಬೇರೆ ಕೋಶಗಳಲ್ಲಿದ್ದು, ಕಾಳನ್ನು ಅರೆದು ನೀರು ಸೋಕಿಸಿದಾಗ ಮಾತ್ರ ಅವೆರಡೂ ಕೂಡಿಕೊಂಡು ಮೂಗಿಗೇರುವ ಝಳವನ್ನು ಹುಟ್ಟಿಸುತ್ತವೆ. ಕಾದ ಎಣ್ಣೆಗೆ ಬಿದ್ದಾಗ ಕಿಣ್ವವು ನಾಶವಾಗುವುದರಿಂದ ಖಾರ ಹುಟ್ಟುವುದೇ ಇಲ್ಲ. ಮಲೆನಾಡಿನವರು ಹಸಿಯ ಸಾಸಿವೆಯನ್ನೇ ತೆಂಗಿನ ತುರಿಯೊಂದಿಗೆ ಅರೆದು ಮಾಡುವ ಮಾವಿನಹಣ್ಣಿನ ಸಾಸಿವೆಯಲ್ಲಿ ಆ ಝಳವೇ ಜೀವ. ಒಗ್ಗರಣೆಯಲ್ಲಿ ಅದರ ಸುಳಿವೂ ಇಲ್ಲ.

ಇಡ್ಲಿಗೆ ಅಕ್ಕಿಯನ್ನೂ ಉದ್ದನ್ನೂ ಬೇರೆಬೇರೆಯಾಗಿ ನೆನೆಸಿ, ಬೇರೆಬೇರೆಯಾಗಿಯೇ ರುಬ್ಬುವರು. ಅಕ್ಕಿ ತರಿಯಾಗಿರಬೇಕು, ಉದ್ದು ಬೆಣ್ಣೆಯಂತೆ ನುಣ್ಣಗಿರಬೇಕು. ಆಮೇಲೆ ಎರಡನ್ನೂ ಕಲಸಿ ರಾತ್ರಿಯೆಲ್ಲ ಇಟ್ಟಾಗ ಉದ್ದಿನೊಡನೆಯೇ ಬಂದ ಲ್ಯೂಕೊನೊಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ಹಿಟ್ಟನ್ನು ಹುಳಿಯಾಗಿಸುತ್ತ ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ; ಉದ್ದಿನ ಲೋಳೆಯೂ ಅದರ ಪ್ರೊಟೀನೂ ಸೇರಿ ಆ ವಾಯುವಿನ ಗುಳ್ಳೆಗಳನ್ನು ಒಡೆಯದಂತೆ ಹಿಡಿದಿಡುತ್ತವೆ. ಸುಮಾರು 1025ರಲ್ಲಿ ರಚಿತವಾದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು ಮಾಡುವ ಇಡ್ಡಲಿಗೆಯ ವಿಧಾನವಿದೆಯಾದರೂ ಅದರಲ್ಲಿ ಅಕ್ಕಿಯಿಲ್ಲ. ಇಂದಿನ ಇಡ್ಲಿಯು ತನ್ನ ರೂಪಕ್ಕೆ ಬಂದದ್ದು ಅದಾದ ಎಷ್ಟೋ ತಲೆಮಾರುಗಳ ಮೇಲೆ.

ಮೊಸರಿನ ಕ್ರಮವಂತೂ ಮಕ್ಕಳಿಗೂ ಗೊತ್ತು: ಹಾಲನ್ನು ಕಾಯಿಸಿ, ಆರಿಸಿ, ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಬೇಕು. ಕಾಯಿಸುವುದು ಕೇವಲ ಕೆಟ್ಟ ಜೀವಿಗಳನ್ನು ಕೊಲ್ಲುವುದಕ್ಕೆಂದು ಹಲವರ ಭಾವನೆ. ಕುದಿಯುವಾಗ ಹಾಲಿನ ತಿಳಿಭಾಗದ ಪ್ರೊಟೀನುಗಳು ತಮ್ಮ ಮಡಿಕೆಗಳನ್ನು ಬಿಚ್ಚಿ ಕೇಸೀನಿನ ಕಣಗಳಿಗೆ ಅಂಟಿಕೊಳ್ಳುವುದರಿಂದಲೇ, ಆಮೇಲೆ ಹುಳಿಯೇರಿ ಕೇಸೀನು ಹೆಪ್ಪುಗಟ್ಟುವಾಗ ನೀರೊಡೆಯದ ಗಟ್ಟಿಮೊಸರು ದೊರೆಯುವುದು; ಕಾಯಿಸದ ಹಾಲಿನ ಮೊಸರು ಸಡಿಲವಾಗಿಯೇ ಇರುತ್ತದೆ. ಬಿಸಿ ತಗ್ಗುವ ಮುನ್ನ ಹೆಪ್ಪು ಹಾಕಿದರೆ ಹೆಪ್ಪಿನ ಜೀವಿಗಳು ಸಾಯುತ್ತವೆ. ಪೂರಾ ತಣ್ಣಗಾದ ಮೇಲೆ ಹಾಕಿದರೆ ಅವು ಜಡವಾಗಿ ಕುಳಿತಿರುತ್ತವೆ. ಪುಷ್ಯದ ಈ ಚಳಿಯಲ್ಲಿ ಮನೆಮನೆಗಳಲ್ಲಿಯೂ ಹೆಪ್ಪಿನ ಪ್ರಮಾಣವನ್ನು ಒಂದಿಷ್ಟು ಹೆಚ್ಚಿಸಿ, ಪಾತ್ರೆಗೆ ಬಟ್ಟೆ ಸುತ್ತಿ, ಬಿಸಿಯಾರದ ಒಲೆಯ ಪಕ್ಕದಲ್ಲಿಡುವರು. ಇಡ್ಲಿಯ ಹಿಟ್ಟನ್ನೂ ಬೇಸಗೆಗಿಂತ ಎರಡು ಮೂರು ತಾಸು ಮುಂಚಿತವಾಗಿಯೇ ರುಬ್ಬಿ ಮುಗಿಸುವರು.